ಸದ್ದು ಬಂತು, ಮಾತು ಬರಲಿಲ್ಲ: ದೊಡ್ಡ ಹಾಲಿಗೆ ಸ್ಪೀಕರ್ ಆರಿಸುವ ಲೆಕ್ಕ

ಈ ಸಂಚಿಕೆ ಶುರುವಾಗಿದ್ದು ಒಂದು ಫೋನ್ ಕರೆಯಿಂದ. ಅಮೆರಿಕೆಯ ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿರುವ ನಮ್ಮ ಕೇಳುಗರೊಬ್ಬರು, "ನಮ್ಮ ಹಾಲ್ ದೊಡ್ಡದು. ಹೋಮ್ ಥಿಯೇಟರಿಗೆ ಯಾವ ಸ್ಪೀಕರ್, ಯಾವ ರಿಸೀವರ್ ತಗೊಳ್ಳಲಿ? ಮಾಡೆಲ್ ನಂಬರ್ ಹೇಳಿಬಿಡಿ, ಇವತ್ತೇ ಆರ್ಡರ್ ಮಾಡ್ತೀನಿ" ಅಂದರು. ನಾವು ಇರುವುದೂ ಅದೇ ಊರ ಕಡೆ. ಮಾಡೆಲ್ ನಂಬರ್ ಬದಲು ಅಳತೆಯ ಟೇಪು ಹಿಡಿದು ಅವರ ಮನೆಗೇ ಹೋದೆವು.

ಕ್ಯಾರಿ, ಮಾರಿಸ್‌ವಿಲ್, ಏಪೆಕ್ಸ್ ಕಡೆಯ ಹೊಸ ಮನೆಗಳನ್ನು ನೋಡಿದವರಿಗೆ ಆ ಹಾಲಿನ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಎರಡು ಅಂತಸ್ತಿನಷ್ಟು ಎತ್ತರದ ಛಾವಣಿ. ಮರದ ನೆಲ, ಬರಿಯ ಗೋಡೆ, ಆಳೆತ್ತರದ ಕಿಟಕಿಗಳು. ಬೆಂಕಿಗೂಡಿನ ಮೇಲೆ ಟಿವಿ. ಅದರಿಂದ 16 ಅಡಿ ದೂರದಲ್ಲಿ, ಹಿಂದಿನ ಗೋಡೆಗೆ ಒರಗಿಸಿದ ಸೋಫಾ. ಸೋಫಾದ ಮೇಲೆ ಊರಿಂದ ಆರು ತಿಂಗಳಿಗೆಂದು ಬಂದಿರುವ ಅಮ್ಮ.

ಇಷ್ಟೆಲ್ಲ ಆಗುತ್ತಿರುವುದು ಆ ಅಮ್ಮನಿಗಾಗಿಯೇ. ಹಗಲೆಲ್ಲ ಮಗ, ಸೊಸೆ ಕೆಲಸದಲ್ಲಿ, ಮೊಮ್ಮಕ್ಕಳು ಶಾಲೆಯಲ್ಲಿ. ಸಂಜೆ ಎಲ್ಲರೂ ಕೂತು ಒಂದು ಕನ್ನಡ ಸಿನಿಮಾ ನೋಡುವುದೇ ಅವರಿಗೆ ದಿನದ ದೊಡ್ಡ ಸಂತೋಷ. ಆದರೆ ಮಾತು ಅರ್ಥವಾಗುತ್ತಿಲ್ಲ. ಪರದೆಯ ಕೆಳಗೆ ಬರುವ ಇಂಗ್ಲಿಷ್ ಅಕ್ಷರ ಅವರಿಗೆ ಪ್ರಯೋಜನವಿಲ್ಲ. ಮಗ ಈಗಾಗಲೇ ಒಂದು ಸಲ ದುಬಾರಿ ಸ್ಪೀಕರ್ ತಂದಾಗಿತ್ತು. ಹೇಗಿದೆ ಅಂತ ಅಮ್ಮನನ್ನು ಕೇಳಿದೆವು. "ಏನ್ ಹೇಳ್ಲಪ್ಪಾ? ಮುಂಚೆ ಮಾತು ಕೇಳ್ತಿರ್ಲಿಲ್ಲ. ಇವನು ದೊಡ್ಡ ಡಬ್ಬ ತಂದ. ಈಗ ಜೋರಾಗಿ ಕೇಳಲ್ಲ!" ಅಂದರು.

ನಕ್ಕೆವು. ಆದರೆ ಧ್ವನಿವಿಜ್ಞಾನದ ಒಂದು ದೊಡ್ಡ ಪಾಠ ಆ ಮಾತಿನಲ್ಲೇ ಇದೆ.

ಹಾಲು, ಕಾಲು, ಸಾಲು, ಪಾಲು. ಈ ನಾಲ್ಕು ಪದಗಳನ್ನು ಹೇಳಿ ನೋಡಿ. ಸ್ವರಗಳು ಒಂದೇ. ಬದಲಾಗಿದ್ದು ಮೊದಲ ವ್ಯಂಜನ ಮಾತ್ರ. ಅರ್ಥ ಹೊತ್ತು ತರುವುದು ಆ ವ್ಯಂಜನ. ಆದರೆ ಅದರ ಶಕ್ತಿ ಬಲು ಕಡಿಮೆ. ಸ್ವರಗಳದ್ದು ದೊಡ್ಡ ಗಂಟಲು, ವ್ಯಂಜನಗಳದ್ದು ಪಿಸುಮಾತು. ಅದರಲ್ಲೂ ಸ, ಶ, ತ, ಪ ಮುಂತಾದವುಗಳ ಗುರುತು ಇರುವುದು ಕೀರಲು ಸದ್ದಿನಲ್ಲಿ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೂ ಆ ಕೀರಲು ಸದ್ದನ್ನೇ.

ಈಗ ದೊಡ್ಡ ಹಾಲಿಗೆ ಬನ್ನಿ. ಸ್ಪೀಕರಿನಿಂದ ಹೊರಟ ಸದ್ದಿನಲ್ಲಿ ಒಂದು ಪಾಲು ನೇರವಾಗಿ ಅಮ್ಮನ ಕಿವಿಗೆ ಬರುತ್ತದೆ. ಉಳಿದದ್ದು ಗೋಡೆ, ಗಾಜು, ಛಾವಣಿಗೆ ಬಡಿದು ಸುತ್ತಾಡಿ, ತಡವಾಗಿ ಬರುತ್ತದೆ. ಇದೇ ಅನುರಣನ. ಹಿಂದಿನ ಅಕ್ಷರದ ಸ್ವರ ಇನ್ನೂ ಕೋಣೆಯಲ್ಲಿ ಗುಂಯ್‌ಗುಡುತ್ತಿರುವಾಗಲೇ ಮುಂದಿನ ಅಕ್ಷರದ ಬಡಪಾಯಿ ವ್ಯಂಜನ ಬರುತ್ತದೆ, ಮುಳುಗಿಹೋಗುತ್ತದೆ. ವಾಲ್ಯೂಮ್ ಏರಿಸಿದರೆ? ನೇರ ಸದ್ದೂ ಏರುತ್ತದೆ, ಗುಂಯ್ ಅನ್ನುವುದೂ ಅಷ್ಟೇ ಏರುತ್ತದೆ. ಅವುಗಳ ನಡುವಿನ ಅಂತರ ಇದ್ದಲ್ಲೇ ಇರುತ್ತದೆ. ಅದಕ್ಕೇ ಅಮ್ಮನಿಗೆ "ಜೋರಾಗಿ ಕೇಳಲ್ಲ"!

ಇದರ ಎರಡು ತುದಿಗಳನ್ನು ನಾವು ಊರಲ್ಲೇ ನೋಡಿದ್ದೇವೆ. ಒಂದು, ಗದ್ದೆಬಯಲಿನ ಯಕ್ಷಗಾನ. ಅಲ್ಲಿ ಗೋಡೆಯೇ ಇಲ್ಲ. ಹೋದ ಸದ್ದು ಹೋಯಿತು, ತಿರುಗಿ ಬರುವುದಿಲ್ಲ. ಹತ್ತಿರ ಕೂತವರಿಗೆ ವೇಷಧಾರಿಯ ಒಂದೊಂದು ಮಾತೂ ಸ್ಪಷ್ಟ. ಕ್ಯಾರಿಯವರಿಗೆ ಇದೇ ಅನುಭವ ಬೇಕಿದ್ದರೆ ಪೈನ್ ಮರಗಳ ನಡುವಿನ ಕೋಕಾ ಬೂತ್ ಬಯಲು ರಂಗಮಂದಿರ ಇದೆ. ಇನ್ನೊಂದು ತುದಿ, ವಿಜಯಪುರದ ಗೋಲಗುಮ್ಮಟ. ಸುಮಾರು 44 ಮೀಟರ್ ಹೊರವ್ಯಾಸದ ಆ ಗುಮ್ಮಟದೊಳಗೆ ಒಂದು ಚಪ್ಪಾಳೆ ಮತ್ತೆ ಮತ್ತೆ ಮರಳಿ ಬರುತ್ತದೆ. ಪ್ರವಾಸಕ್ಕೆ ಚೆನ್ನ. ಆದರೆ ಅಲ್ಲಿ ಕೂತು ಸಿನಿಮಾ ನೋಡುತ್ತೀರಾ? ಎರಡು ಅಂತಸ್ತಿನ ಹಾಲ್ ಎಂದರೆ ಮನೆಯೊಳಗಿನ ಒಂದು ಪುಟ್ಟ ಗುಮ್ಮಟವೇ.

ಈ ತೊಂದರೆಗೆ ಮೊದಲು ಲೆಕ್ಕ ಹಾಕಿದವರು ಹಾರ್ವರ್ಡ್ ವಿಶ್ವವಿದ್ಯಾಲಯದ ಯುವ ಭೌತವಿಜ್ಞಾನಿ ವ್ಯಾಲೇಸ್ ಸಬೈನ್. 1895ರಲ್ಲಿ ಅಲ್ಲಿನ ಫಾಗ್ ಮ್ಯೂಸಿಯಂನ ಹೊಸ ಉಪನ್ಯಾಸ ಕೊಠಡಿಯಲ್ಲಿ ಪಾಠ ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲ. ಆಡಿದ ಮಾತು ಸುಮಾರು ಐದೂವರೆ ಸೆಕೆಂಡು ಗಾಳಿಯಲ್ಲೇ ಉಳಿಯುತ್ತಿತ್ತು. ಸಬೈನ್ ಪಕ್ಕದ ಸ್ಯಾಂಡರ್ಸ್ ಥಿಯೇಟರಿನಿಂದ ಕುರ್ಚಿಯ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ ಹರಡಿದರು. ಆರ್ಗನ್ ಕೊಳವೆ ಊದಿಸಿ, ಸದ್ದು ಆರುವವರೆಗೆ ಎಷ್ಟು ಹೊತ್ತು ಅಂತ ಅಳೆದರು. ಬೆಳಗಾಗುವ ಮೊದಲು ಮೆತ್ತೆಗಳನ್ನು ವಾಪಸ್ ಇಟ್ಟರು. ಹೀಗೆ ಹುಟ್ಟಿದ ಅವರ ಸೂತ್ರವನ್ನು ಬಳಸಿ ಕಟ್ಟಿದ ಬಾಸ್ಟನ್ ಸಿಂಫನಿ ಹಾಲ್ 1900ರಲ್ಲಿ ತೆರೆಯಿತು. ಇವತ್ತಿಗೂ ಜಗತ್ತಿನ ಅತ್ಯುತ್ತಮ ಸಂಗೀತ ಸಭಾಂಗಣಗಳಲ್ಲಿ ಅದು ಒಂದು.

ಸೂತ್ರ ಸರಳ. ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿ. ಬಂದದ್ದು ಸದ್ದು 60 ಡೆಸಿಬೆಲ್ ಇಳಿಯಲು ಬೇಕಾದ ಸೆಕೆಂಡುಗಳು. ಹೀರಿಕೆ ಅಂದರೇನು? ತೆರೆದ ಕಿಟಕಿಯಿಂದ ಹೊರಹೋದ ಸದ್ದು ಮರಳಿ ಬರುವುದಿಲ್ಲ. ಹಾಗಾಗಿ, ಈ ಕೋಣೆಯ ಸಾಮಾನೆಲ್ಲ ಸೇರಿ ಎಷ್ಟು ಚದರ ಮೀಟರ್ ತೆರೆದ ಕಿಟಕಿಗೆ ಸಮ ಅನ್ನುವುದೇ ಹೀರಿಕೆ.

ನಮ್ಮ ಕೇಳುಗರ ಹಾಲ್ 24 ಅಡಿ ಉದ್ದ, 18 ಅಡಿ ಅಗಲ, 18 ಅಡಿ ಎತ್ತರ. ಅಂದರೆ ಸುಮಾರು 220 ಘನ ಮೀಟರ್. ಗೋಡೆ, ನೆಲ, ಛಾವಣಿ ಸೇರಿ ಮೇಲ್ಮೈ ಸುಮಾರು 220 ಚದರ ಮೀಟರ್. ಅದು ಸರಾಸರಿ ಹತ್ತನೇ ಒಂದು ಪಾಲು ಸದ್ದು ಹೀರುತ್ತದೆ ಅಂದುಕೊಂಡರೆ ಹೀರಿಕೆ 22. ಅನುರಣನ ಸುಮಾರು 1.6 ಸೆಕೆಂಡು. ಮಾತಿನಲ್ಲಿ ಒಂದೊಂದು ಅಕ್ಷರಕ್ಕೆ 0.2 ಸೆಕೆಂಡು ಅಂತಿಟ್ಟುಕೊಳ್ಳಿ. ಅಷ್ಟರಲ್ಲಿ ಹಿಂದಿನ ಸ್ವರ ಇಳಿಯುವುದು 7-8 ಡೆಸಿಬೆಲ್ ಮಾತ್ರ. ಅನುರಣನ ಅರ್ಧ ಸೆಕೆಂಡಾಗಿದ್ದರೆ 24 ಡೆಸಿಬೆಲ್ ಇಳಿದಿರುತ್ತಿತ್ತು. ಹಾಲಿಗೂ ಸಾಲಿಗೂ ಇರುವ ವ್ಯತ್ಯಾಸ ಈ ಡೆಸಿಬೆಲ್‌ಗಳಲ್ಲೇ ಅಡಗಿದೆ.

ಹಾಗಾದರೆ ಚಿಕ್ಕ ಕೋಣೆಗೆ ಹೋಗಬಹುದಲ್ಲವೇ? ಹೋಗಬಹುದು. ಗ್ಯಾರೇಜಿನ ಮೇಲೆ ಅವರದೊಂದು ಬೋನಸ್ ರೂಮ್ ಇದೆ. ಎಂಟಡಿ ಛಾವಣಿ, ಕಾರ್ಪೆಟ್ ನೆಲ. ಸಿನಿಮಾಕ್ಕೆ ಹೇಳಿ ಮಾಡಿಸಿದ ಜಾಗ. ನಿಮ್ಮ ಮನೆಯಲ್ಲೂ ಅಂಥದ್ದಿದ್ದರೆ ಮೊದಲ ಆಯ್ಕೆ ಅದೇ ಆಗಲಿ. ಆದರೆ ಅಮ್ಮನ ಮಂಡಿಗೆ ಹದಿನೈದು ಮೆಟ್ಟಿಲು ಹತ್ತುವ ಶಕ್ತಿ ಇಲ್ಲ. ಅಮ್ಮ ಬರಲಾಗದ ಕೋಣೆಯಲ್ಲಿ ಎಷ್ಟು ಒಳ್ಳೆಯ ಥಿಯೇಟರ್ ಇದ್ದರೇನು? ಹಾಲನ್ನೇ ಸರಿಮಾಡಬೇಕು.

ಮೊದಲು ಸೋಫಾ. ಗೋಡೆಯಿಂದ ಎಳೆದು, ಟಿವಿಗೆ 9 ಅಡಿ ದೂರಕ್ಕೆ ತಂದೆವು. ಕೋಣೆಯ ಗುಂಯ್‌ಗುಡುವಿಕೆ ಎಲ್ಲಿ ಕೂತರೂ ಹೆಚ್ಚುಕಡಿಮೆ ಒಂದೇ. ನೇರ ಸದ್ದು ಮಾತ್ರ ಹತ್ತಿರ ಬಂದಷ್ಟೂ ಹೆಚ್ಚುತ್ತದೆ, ದೂರ ಅರ್ಧವಾದರೆ 6 ಡೆಸಿಬೆಲ್. 16ರಿಂದ 9 ಅಡಿಗೆ ಬಂದದ್ದರಿಂದ ಸಿಕ್ಕ ಲಾಭ 5 ಡೆಸಿಬೆಲ್. ಖರ್ಚು ಸೊನ್ನೆ.

ಆಮೇಲೆ ಸಬೈನ್ ಮೆತ್ತೆ. ಕೆಳಗೆ ದಪ್ಪ ಪ್ಯಾಡ್ ಹಾಸಿದ 9x12 ಅಡಿಯ ರತ್ನಗಂಬಳಿ, ಕಿಟಕಿಗೆ ಮಡಿಕೆ ಮಡಿಕೆಯಾದ ಭಾರದ ಪರದೆ, ಪಕ್ಕದ ಮತ್ತು ಹಿಂದಿನ ಗೋಡೆಗೆ ಬಟ್ಟೆ ಹೊದಿಸಿದ, ನಾಲ್ಕಿಂಚು ದಪ್ಪದ ಎಂಟು ಫಲಕಗಳು. ತೆಳ್ಳನೆಯ ಜಮಖಾನ ಸಾಕಾಗುವುದಿಲ್ಲ. ಅದು ಕೀರಲು ಸದ್ದನ್ನು ಮಾತ್ರ ಹೀರುತ್ತದೆ, ತೊಂದರೆ ಕೊಡುವ ಸ್ವರಗಳನ್ನು ಬಿಟ್ಟುಬಿಡುತ್ತದೆ. ಇಷ್ಟೆಲ್ಲ ಸೇರಿ ಹೀರಿಕೆ 22ರಿಂದ ಸುಮಾರು 36ಕ್ಕೆ ಏರಿ, ಅನುರಣನ ಒಂದು ಸೆಕೆಂಡಿನ ಹತ್ತಿರ ಬಂತು. ನಿಜ ಹೇಳಬೇಕೆಂದರೆ, ಇಷ್ಟು ಎತ್ತರದ ಹಾಲ್ ಪೂರ್ತಿ ಪಳಗುವುದಿಲ್ಲ. ನೇರ ಸದ್ದು ಮತ್ತು ಗುಂಯ್‌ಗುಡುವಿಕೆಯ ನಡುವಿನ ಅಂತರದಲ್ಲಿ ಇದರಿಂದ ಸಿಕ್ಕಿದ್ದು ಸುಮಾರು 2 ಡೆಸಿಬೆಲ್. ಗಮನಿಸಿ, ಪುಕ್ಕಟೆ ಸೋಫಾ ಸರಿಸಿದ್ದೇ ಇದಕ್ಕಿಂತ ಹೆಚ್ಚು ಕೊಟ್ಟಿತು!

ಈಗ ಸ್ಪೀಕರ್. ಮೊದಲು ಸೆಂಟರ್. ಸಿನಿಮಾದ ಮಾತು ಬಹುಪಾಲು ಬರುವುದು ಅದೊಂದರಿಂದಲೇ. ಬಹಳ ಜನ ಬಲ ಎಡಕ್ಕೆ ಆಳೆತ್ತರದ ಕಂಬ ನಿಲ್ಲಿಸಿ, ಮಿಕ್ಕ ದುಡ್ಡಲ್ಲಿ ಒಂದು ಪುಟ್ಟ ಸೆಂಟರ್ ತರುತ್ತಾರೆ. ನಾವು ಹೇಳುವುದು ಇದಕ್ಕೆ ಉಲ್ಟಾ. ಒಳ್ಳೆಯ ಸೆಂಟರ್ ಆರಿಸಿ, ಅದರದೇ ಸರಣಿಯ ಬಲ ಎಡ ತನ್ನಿ. ಬೆಂಕಿಗೂಡಿನ ಮೇಲೆ ಇಟ್ಟಿದ್ದರೆ ಅದರ ಮುಖ ಕೂತವರ ಕಿವಿಯತ್ತ ಬಾಗಿರಲಿ. ಈ ಮನೆಯಲ್ಲಿ ಅದು ಎದುರುಗೋಡೆಗೆ ಮಾತಾಡುತ್ತಿತ್ತು, ಅಮ್ಮನ ತಲೆಯ ಮೇಲಿಂದ.

ಎರಡನೆಯದು ಸ್ಪೀಕರಿನ ಸೆನ್ಸಿಟಿವಿಟಿ. 1 ವಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಅನ್ನುವ ಅಂಕಿ. ಒಂದು ಲೆಕ್ಕ ಮಾಡೋಣ. ಕೂತ ಜಾಗದಲ್ಲಿ ಗರಿಷ್ಠ 95 ಡೆಸಿಬೆಲ್ ನೇರ ಸದ್ದು ಬೇಕು ಅಂತಿಟ್ಟುಕೊಳ್ಳಿ. 86 ಡೆಸಿಬೆಲ್ ಸ್ಪೀಕರ್, 16 ಅಡಿ ದೂರ: ಸುಮಾರು 190 ವಾಟ್ ಬೇಕು. ಅದೇ ಸ್ಪೀಕರ್, 9 ಅಡಿ ದೂರ: 60 ವಾಟ್. 92 ಡೆಸಿಬೆಲ್ ಸ್ಪೀಕರ್, 9 ಅಡಿ: ಬರೀ 15 ವಾಟ್! ಪ್ರತಿ 3 ಡೆಸಿಬೆಲ್ ಹೆಚ್ಚಿಗೆಗೆ ಎರಡು ಪಟ್ಟು ವಾಟ್ ಬೇಕಾಗುವುದರಿಂದ ಹೀಗೆ. ದೊಡ್ಡ ರಿಸೀವರಿಗೆ ಸುರಿಯುವ ದುಡ್ಡನ್ನು ಸೆನ್ಸಿಟಿವಿಟಿ ಹೆಚ್ಚಿರುವ ಸ್ಪೀಕರಿಗೆ ಹಾಕುವುದೇ ಲಾಭ.

ರಿಸೀವರ್ ಕೊಳ್ಳುವಾಗ ಡಬ್ಬದ ಮೇಲಿನ ದಪ್ಪಕ್ಷರದ ವಾಟ್ ನೋಡಿ ಮರುಳಾಗಬೇಡಿ. ಒಂದೇ ಚಾನೆಲ್ ಓಡಿಸಿ, ಒಂದೇ ಸ್ವರದಲ್ಲಿ, ಸದ್ದು ಒಡೆಯುವಷ್ಟು ಎಳೆದು ಅಳೆದ ಅಂಕಿ ಅದಾಗಿರಬಹುದು. ಈ ವಾಟ್ ಗೊಂದಲ ಹಳೆಯದು. ಅಮೆರಿಕೆಯ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲೇ ಇದಕ್ಕೊಂದು ನಿಯಮ ತಂದಿತ್ತು, 2024ರಲ್ಲಿ ಅದನ್ನು ತಿದ್ದಿ ಬಿಗಿಮಾಡಿತು. ನೀವು ಹುಡುಕಬೇಕಾದ ಸಾಲು: 8 ಓಮ್, 20ರಿಂದ 20,000 ಹರ್ಟ್ಜ್, ಎರಡು ಚಾನೆಲ್ ಒಟ್ಟಿಗೆ. ಅಲ್ಲಿ 80-100 ವಾಟ್ ಇದ್ದರೆ ಈ ಹಾಲಿಗೂ ಸಾಕು. ಸ್ಪೀಕರ್ 4 ಓಮ್ ಆಗಿದ್ದರೆ ಮಾತ್ರ ರಿಸೀವರ್ ಅದನ್ನು ತಾಳುತ್ತದೆಯೇ ಅಂತ ನೋಡಿಕೊಳ್ಳಿ.

ಅಟ್ಮೋಸ್? ಛಾವಣಿಗೆ ಸದ್ದು ಚಿಮ್ಮಿಸುವ ಸ್ಪೀಕರುಗಳು 18 ಅಡಿ ಎತ್ತರಕ್ಕಲ್ಲ. 14 ಅಡಿಯೇ ಮಿತಿ ಅನ್ನುವುದು ಡಾಲ್ಬಿಯ ಸಲಹೆ. ಇಲ್ಲಿ 5.1 ಸಾಕು. ಹನ್ನೊಂದು ಚಾನೆಲ್ಲಿನ ರಿಸೀವರ್ ದಂಡ.

ರಿಸೀವರಿನೊಳಗೆ ನಿಜಕ್ಕೂ ಉಪಯೋಗಕ್ಕೆ ಬರುವುದು ಬೇರೆ. ಮೈಕ್ ಇಟ್ಟು ಅಳೆದು ಹೊಂದಿಸುವ ವ್ಯವಸ್ಥೆ ಬೇಕು. ಅದು ಸ್ಪೀಕರುಗಳ ಮಟ್ಟ, ದೂರಗಳನ್ನು ಸರಿಮಾಡುತ್ತದೆ. ಅನುರಣನವನ್ನು ಮಾತ್ರ ಅಳಿಸಲಾರದು, ನೆನಪಿರಲಿ. ಅದಾದ ಮೇಲೆ ಸೆಂಟರನ್ನು 3 ಡೆಸಿಬೆಲ್ ಏರಿಸಿ. ರಾತ್ರಿ ಹೊತ್ತಿಗೆ ನೈಟ್ ಮೋಡ್ ಹಾಕಿ. ಬಾಂಬಿನ ಸದ್ದು ತಗ್ಗುತ್ತದೆ, ಪಿಸುಮಾತು ಏರುತ್ತದೆ. ಇನ್ನೊಂದು ಗುಟ್ಟು: ಅಮ್ಮನಿಗೆ ಇಷ್ಟವಾದ ರಾಜ್‌ಕುಮಾರ್ ಕಾಲದ ಚಿತ್ರಗಳ ಧ್ವನಿ ಮೊನೊ. ಬಲಕ್ಕೂ ಎಡಕ್ಕೂ ಒಂದೇ ಸದ್ದು. ರಿಸೀವರಿನಲ್ಲಿ ಡಾಲ್ಬಿ ಸರೌಂಡ್ ಆಯ್ಕೆ ಒತ್ತಿದರೆ, ಎರಡರಲ್ಲೂ ಸಮನಾಗಿರುವುದನ್ನು ಗುರುತಿಸಿ ಅದು ಸೆಂಟರಿಗೆ ಕಳಿಸುತ್ತದೆ. ಮಾತು ಒಂದೇ ಕಡೆಯಿಂದ, ನೇರವಾಗಿ ಬರುತ್ತದೆ.

ಸಬ್‌ವೂಫರ್ ಬಗ್ಗೆ ಒಂದೇ ಮಾತು. ಒಂದು ದೊಡ್ಡದಕ್ಕಿಂತ ಎರಡು ಮಧ್ಯಮ ಗಾತ್ರದವು ಮೇಲು, ಬೇರೆ ಬೇರೆ ಗೋಡೆಯ ಬಳಿ. ತಗ್ಗು ಸದ್ದಿನ ಅಲೆ ಕೋಣೆಯಷ್ಟೇ ಉದ್ದ. ಅದು ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಮಾಯವಾಗುತ್ತದೆ. ಎರಡಿದ್ದರೆ ಒಂದರ ತಗ್ಗನ್ನು ಇನ್ನೊಂದು ತುಂಬುತ್ತದೆ.

ಕೊನೆಗೆ ನಮ್ಮ ಕೇಳುಗರು ಕೊಂಡದ್ದೇನು? ಒಂದು ಸೆಂಟರ್ ಸ್ಪೀಕರ್, ರತ್ನಗಂಬಳಿ, ಪರದೆ, ಫಲಕ. ಹಳೆಯ ರಿಸೀವರ್ ಹಾಗೇ ಉಳಿಯಿತು. ಮರುವಾರ ಹೋದಾಗ ಹಳೆಯದೊಂದು ಹಾಸ್ಯದ ದೃಶ್ಯ ಓಡುತ್ತಿತ್ತು. ಅಮ್ಮ ಎಲ್ಲರಿಗಿಂತ ಮೊದಲು ನಕ್ಕರು. ಮೊಮ್ಮಗ "ಏನಂದ ಅಜ್ಜಿ?" ಅಂತ ಕೇಳಿದ. ಅಷ್ಟು ದಿನ ಅಜ್ಜಿಯೇ ಕೇಳುತ್ತಿದ್ದ ಪ್ರಶ್ನೆ ಅದು. ಅಜ್ಜಿ ಸಿನಿಮಾ ನಿಲ್ಲಿಸಿಸಿ, ಆ ಮಾತಿನ ಅರ್ಥವನ್ನು ಅವನಿಗೆ ಬಿಡಿಸಿ ಹೇಳಿದರು.

ನೀವೂ ಇವತ್ತೇ ಒಂದು ಪ್ರಯೋಗ ಮಾಡಿ. ಹಾಲಿನ ನಡುವೆ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿ. ಅದು ಕತ್ತರಿಸಿದಂತೆ ನಿಂತರೆ ಅಂಗಡಿಗೆ ಹೊರಡಿ. ಬಾಲ ಎಳೆದುಕೊಂಡು ಹೋದರೆ ಮೊದಲು ಸೋಫಾ ಎಳೆಯಿರಿ. ಮನೆಯ ಹಿರಿಯರಿಗೆ ಎದುರುಬದುರು ಕೂತು ಆಡುವ ಮಾತೂ ಕೇಳದಿದ್ದರೆ, ಅದು ಸ್ಪೀಕರಿನ ತೊಂದರೆಯಲ್ಲ, ಕಿವಿ ಪರೀಕ್ಷೆ ಮಾಡಿಸಿ. ನಿಮ್ಮ ಹಾಲಿನ ಉದ್ದ, ಅಗಲ, ಎತ್ತರ ನಮಗೆ ಬರೆದು ಕಳಿಸಿ. ಲೆಕ್ಕ ಹಾಕಿ ಹೇಳುತ್ತೇವೆ. ಮಾಡೆಲ್ ನಂಬರ್ ಮಾತ್ರ ಕೇಳಬೇಡಿ!