ಗಾಂಜಾ ಮೊದಲೋ, ಹುಚ್ಚು ಮೊದಲೋ?

ಯಾರದಾದರೂ ಬುದ್ಧಿ ಸ್ಥಿಮಿತ ತಪ್ಪಿದರೆ "ಗಾಂಜಾ ಸೇದಿ ತಲಿ ಕೆಡಿಸಿಕೊಂಡಾನ" ಎಂಬ ಮಾತು ನವಲಗುಂದ, ಕಲಘಟಗಿ ಕಡೆಯ ಹಳ್ಳಿಕಟ್ಟೆಗಳಲ್ಲಿ ಸಲೀಸಾಗಿ ಬಂದುಬಿಡುತ್ತದೆ. ನೂರ ಮೂವತ್ತು ವರ್ಷಗಳ ಹಿಂದೆ ಸರಕಾರಿ ಕಾಗದಪತ್ರಗಳೂ ಹೀಗೆಯೇ ಹೇಳುತ್ತಿದ್ದವು.

ಇಂದಿನ ಡಿಮ್ಹಾನ್ಸ್ ಸಂಸ್ಥೆಯ ಮೂಲವಾದ ಧಾರವಾಡದ ಹುಚ್ಚಾಸ್ಪತ್ರೆ ಆರಂಭವಾದದ್ದು 1845ರಲ್ಲಿ. ಆಗ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆ ಕಾಲದ ಇಂಥ ಆಸ್ಪತ್ರೆಗಳಿಗೆ ಅನೇಕ ರೋಗಿಗಳನ್ನು ಕರೆತರುತ್ತಿದ್ದವರು ಪೊಲೀಸರು. ಜೊತೆಗೆ ಬರುತ್ತಿದ್ದ ವಿವರಪಟ್ಟಿಯಲ್ಲಿ "ಹುಚ್ಚಿಗೆ ಕಾರಣ" ಎಂಬ ಕಲಮು ಇರುತ್ತಿತ್ತು. ಊರು, ಮನೆತನ ತಿಳಿಯದ ಅಲೆಮಾರಿಯ ಹೆಸರಿನ ಮುಂದೆ "ಗಾಂಜಾ" ಎಂದು ಬರೆಯುವುದು ಸುಲಭದ ದಾರಿಯಾಗಿತ್ತು.

1893ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಈ ವಿಷಯ ಚರ್ಚೆಗೆ ಬಂದು, ತನಿಖೆಗೆ ಆಯೋಗವೊಂದು ನೇಮಕವಾಯಿತು. ಅದು 1,193 ಸಾಕ್ಷಿಗಳ ಹೇಳಿಕೆ ಪಡೆಯಿತು. ಬ್ರಿಟಿಷ್ ಇಂಡಿಯಾದ ಹುಚ್ಚಾಸ್ಪತ್ರೆಗಳಿಗೆ 1892ರಲ್ಲಿ ಸೇರಿದ್ದ 1,344 ರೋಗಿಗಳಲ್ಲಿ 222 ಜನರಿಗೆ ಗಾಂಜಾ, ಭಂಗಿಯೇ ಕಾರಣವೆಂದು ದಾಖಲಾಗಿತ್ತು. ಒಂದೊಂದು ಪ್ರಕರಣವನ್ನೂ ಮರುವಿಚಾರಣೆ ಮಾಡಿದಾಗ ಉಳಿದವು 98 ಮಾತ್ರ. ಮಿತ ಸೇವನೆಯಿಂದ ಮನಸ್ಸಿಗೆ ಹಾನಿಯಿಲ್ಲ, ಅತಿ ಸೇವನೆಯಿಂದ ಮೊದಲೇ ದುರ್ಬಲವಾದ ಮನಸ್ಸು ಇನ್ನಷ್ಟು ಕೆಡುತ್ತದೆ ಎಂದು ಆಯೋಗ 1894ರಲ್ಲಿ ಅಭಿಪ್ರಾಯಪಟ್ಟಿತು.

ಅಮಲಿನ ಪರಿಣಾಮ ಎಲ್ಲರಲ್ಲೂ ಒಂದೇ ತೆರನಲ್ಲ. ಭಂಗಿ ಕುಡಿದು ಒಬ್ಬ ನಗುತ್ತಾನೆ, ಹಸಿವೆ ಎನ್ನುತ್ತಾನೆ, ಗಳಿಗೆ ತಾಸಾದಂತೆ ಭಾವಿಸುತ್ತಾನೆ. ಅದನ್ನೇ ಕುಡಿದ ಇನ್ನೊಬ್ಬನಿಗೆ ಎದೆ ಡವಡವಗುಟ್ಟಿ, ಜೊತೆಗಿದ್ದವರ ಮೇಲೆಯೇ ಸಂಶಯ ಹುಟ್ಟುತ್ತದೆ. ಪ್ರಮಾಣ, ಆ ಹೊತ್ತಿನ ಮನಸ್ಥಿತಿ, ಸುತ್ತಲಿನ ಜನ ಇವೆಲ್ಲ ಸೇರಿ ಅನುಭವವನ್ನು ರೂಪಿಸುತ್ತವೆ. ಎಲ್‌ಎಸ್‌ಡಿಯಂಥ ಭ್ರಮಾಜನಕಗಳ ವಿಷಯದಲ್ಲೂ ಈ ಮಾತು ನಿಜ. ಹೆಚ್ಚಿನವರಲ್ಲಿ ಇದು ಕೆಲವು ತಾಸುಗಳಲ್ಲಿ ಇಳಿಯುತ್ತದೆ.

ಹೊಲದ ಬದುವಿನಲ್ಲಿ ಬೆಳೆಯುವ ಮದಗುಣಕಿ, ಅಂದರೆ ದತ್ತೂರಿಯ ಕಥೆಯೇ ಬೇರೆ. ಅದರ ಬೀಜ ಹೊಟ್ಟೆಗೆ ಹೋದರೆ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ. ರೋಗಿ ಮನೆಯವರ ಗುರುತು ಹಿಡಿಯದೆ, ಇಲ್ಲದವರೊಡನೆ ಮಾತಿಗಿಳಿಯುತ್ತಾನೆ. ಇದು ಅಮಲಲ್ಲ, ವಿಷಬಾಧೆ, ಪ್ರಾಣಕ್ಕೂ ಎರವಾಗಬಹುದು. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಹಾಗೆಂದು ಗಾಂಜಾ ನಿರಪಾಯಕಾರಿಯಲ್ಲ. ಹದಿಹರೆಯದಲ್ಲಿ ಆರಂಭಿಸಿ ದಿನವೂ ಸೇದುವವರಲ್ಲಿ, ಅದರಲ್ಲೂ ವಂಶದಲ್ಲಿ ಮನೋರೋಗವಿದ್ದವರಲ್ಲಿ, ಚಿತ್ತವಿಕಲತೆಯ ಅಪಾಯ ಹೆಚ್ಚೆಂಬುದು ಇಂದು ಖಚಿತವಾಗಿದೆ. 1985ರ ಮಾದಕದ್ರವ್ಯ ಕಾಯ್ದೆಯ ಪ್ರಕಾರ ಅದು ಅಪರಾಧವೂ ಹೌದು. ಆದರೆ ಕಾರಣ ಪರಿಣಾಮಗಳು ಅದಲುಬದಲಾಗುವುದೂ ಉಂಟು. ನಿದ್ದೆಗೆಟ್ಟು, ಒಳಗಿನ ದನಿಗಳಿಗೆ ಹೆದರಿ, ಅದನ್ನು ಮರೆಯಲೆಂದೇ ಚಿಲುಮೆ ಹಿಡಿದವರಿದ್ದಾರೆ. ಅಂಥವನನ್ನು "ಚಟಗಾರ" ಎಂದು ದೂಡಿದರೆ, ಚಿಕಿತ್ಸೆಯಿಂದ ಹತೋಟಿಗೆ ಬರಬಹುದಾದ ಕಾಯಿಲೆ ಬೇರೂರುತ್ತದೆ.

ಆದ್ದರಿಂದ ಮನೆಯವರು ಮೊದಲು ನೆನಪು ಮಾಡಿಕೊಳ್ಳಬೇಕಾದದ್ದು ಇಷ್ಟು: ಹುಡುಗ ಮಂಕಾದದ್ದು ಎಂದಿನಿಂದ, ಸೇದತೊಡಗಿದ್ದು ಎಂದಿನಿಂದ? ಈ ಎರಡು ಉತ್ತರಗಳೊಂದಿಗೆ ಅವನನ್ನು ವೈದ್ಯರ ಬಳಿ ಕರೆದೊಯ್ದರೆ, ಅಂದಿನ ಪಟ್ಟಿಯಲ್ಲಿ ಆದ ತಪ್ಪು ಮನೆಯಲ್ಲಿ ಮರುಕಳಿಸದು.