ಹಾಡಿನ ಪತ್ರಿಕೆ ಸರಿ, ಓದುವವರು ಯಾರು?

ಹೊಸದೊಂದು ಪತ್ರಿಕೆ ತರಲು ಹೊರಟವರು ಮೊದಲು ಏನು ಮಾಡುತ್ತಾರೆ? ಚೆಂದದ ಹೆಸರೊಂದನ್ನು ಹುಡುಕುತ್ತಾರೆ. ಮುಖಪುಟಕ್ಕೆ ಯಾರ ಚಿತ್ರ ಹಾಕಬೇಕೆಂದು ಯೋಚಿಸುತ್ತಾರೆ. ಶೀರ್ಷಿಕೆಯ ಬಣ್ಣ ಕೆಂಪೋ ಹಳದಿಯೋ ಎಂದು ಗೆಳೆಯರ ಜೊತೆ ವಾದಕ್ಕಿಳಿಯುತ್ತಾರೆ. ಇದನ್ನು ಕೊಂಡು ಓದುವವರು ಯಾರು ಎಂಬ ಪ್ರಶ್ನೆ ಬರುವುದು ಎಲ್ಲಕ್ಕಿಂತ ಕೊನೆಗೆ. ಎಷ್ಟೋ ಸಲ ಅದು ಬರುವುದೇ ಇಲ್ಲ!

ಬ್ರಿಟನ್ನಿನಲ್ಲಿ ಹದಿನಾರು-ಹದಿನೇಳರ ವಿದ್ಯಾರ್ಥಿಗಳಿಗೆ ಈ ಪ್ರಶ್ನೆಯನ್ನೇ ಮೊದಲು ಕೇಳಿಕೊಳ್ಳಲು ಕಲಿಸಿದ ಪಾಠವೊಂದಿತ್ತು. ಅಲ್ಲಿನ ‘ಎ ಲೆವೆಲ್’ ಹೆಚ್ಚುಕಡಿಮೆ ನಮ್ಮ ಪಿಯುಸಿಯ ಹಂತ. ಅದರಲ್ಲಿ ಮಾಧ್ಯಮ ಅಧ್ಯಯನವೂ ಒಂದು ಐಚ್ಛಿಕ ವಿಷಯ. ಓಸಿಆರ್ ಎಂಬ ಪರೀಕ್ಷಾ ಮಂಡಳಿ 2008ರಲ್ಲಿ ಜಾರಿಗೆ ತಂದ ಪಠ್ಯಕ್ರಮದಲ್ಲಿ, ಮುದ್ರಣ ಮಾಧ್ಯಮ ಆಯ್ದುಕೊಂಡ ಮೊದಲ ವರ್ಷದವರು ಹೊಸ ಸಂಗೀತ ಪತ್ರಿಕೆಯೊಂದನ್ನು ರೂಪಿಸಬೇಕಿತ್ತು. ಮುಖಪುಟ, ಪರಿವಿಡಿ ಮತ್ತು ಎದುರುಬದುರು ಎರಡು ಪುಟಗಳ ಒಂದು ಲೇಖನ, ಇಷ್ಟು ಕೆಲಸ. ಬರಹವೆಲ್ಲ ಸ್ವಂತದ್ದಾಗಿರಬೇಕು. ಕನಿಷ್ಠ 4 ಚಿತ್ರಗಳನ್ನು ತಾವೇ ಸಿದ್ಧಪಡಿಸಬೇಕು. ಒಟ್ಟು 100 ಅಂಕಗಳಲ್ಲಿ ಪುಟ ತಯಾರಿಕೆಗೆ 60, ಸಂಶೋಧನೆ ಮತ್ತು ಯೋಜನೆಗೆ 20, ಮಾಡಿದ್ದನ್ನು ತಾವೇ ವಿಮರ್ಶಿಸಿಕೊಳ್ಳುವುದಕ್ಕೆ 20. ನಿಮ್ಮ ಪತ್ರಿಕೆಯ ಓದುಗರು ಯಾರು, ಅವರನ್ನು ಹೇಗೆ ಸೆಳೆದಿರಿ ಎಂಬುದು ಆ ವಿಮರ್ಶೆಯಲ್ಲಿ ಉತ್ತರಿಸಲೇಬೇಕಾದ ಪ್ರಶ್ನೆಗಳಾಗಿದ್ದವು. 2017ರಿಂದ ಪಠ್ಯಕ್ರಮ ಬದಲಾಯಿತು. ಆದರೆ ಆ ಪಾಠದ ತಿರುಳು ಹಳತಾಗಿಲ್ಲ.

ಯಾವ ಬಗೆಯ ಸಂಗೀತದ ಪತ್ರಿಕೆ ಎಂಬುದು ವಿದ್ಯಾರ್ಥಿಗಳ ಆಯ್ಕೆಗೆ ಬಿಟ್ಟ ವಿಷಯವಾಗಿತ್ತು. ಹಿಪ್‌ಹಾಪ್ ಪತ್ರಿಕೆ ಯೋಜಿಸುವ ವಿದ್ಯಾರ್ಥಿಯ ಮುಂದಿದ್ದ ದಾರಿ ಎಂಥದ್ದು ಎಂದು ನೋಡಿದರೆ ಈ ಪಾಠದ ಬೆಲೆ ತಿಳಿಯುತ್ತದೆ.

ಹಿಪ್‌ಹಾಪ್ ಎಂದರೆ ಒಂದೇ ಅಲ್ಲ

ಹಿಪ್‌ಹಾಪ್ ಎಂದೊಡನೆ ಅನೇಕ ಹಿರಿಯರ ಕಣ್ಣ ಮುಂದೆ ಬರುವುದು ದೊಗಳೆ ಪ್ಯಾಂಟು, ಕಿವಿಗಡಚಿಕ್ಕುವ ಸದ್ದು, ಉಸಿರು ಬಿಡದೆ ಆಡುವ ಮಾತು. ಆದರೆ ಅದರ ಹುಟ್ಟಿನ ಕಥೆ ಕೇಳಿದರೆ ತಂದೆತಾಯಿಗಳಿಗೂ ಅಚ್ಚರಿಯಾದೀತು. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನ ವಸತಿ ಕಟ್ಟಡವೊಂದರಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಒಂದು ಕೂಟ ಏರ್ಪಡಿಸಿದ್ದಳು. ಉದ್ದೇಶ ಸರಳ: ಶಾಲೆ ತೆರೆಯುವ ಮುನ್ನ ಹೊಸ ಬಟ್ಟೆ ಕೊಳ್ಳಲು ಹಣ ಕೂಡಿಸುವುದು. ಅಲ್ಲಿ ಹಾಡಿನ ತಟ್ಟೆಗಳನ್ನು ತಿರುಗಿಸಿದವನು ಅವಳ ಅಣ್ಣ, ಜಮೈಕಾದಲ್ಲಿ ಹುಟ್ಟಿದ ಡಿಜೆ ಕೂಲ್ ಹರ್ಕ್. ಹಿಪ್‌ಹಾಪ್‌ನ ಜನ್ಮದಿನವೆಂದು ಇಂದು ಆಚರಿಸುವುದು ಆ ದಿನವನ್ನೇ.

ಲಯಬದ್ಧ ಮಾತಿನ ರ‍್ಯಾಪ್, ತಟ್ಟೆ ತಿರುಗಿಸುವ ಡಿಜೆ ಕಲೆ, ಬ್ರೇಕ್ ಡಾನ್ಸ್, ಗೋಡೆಯ ಮೇಲಿನ ಗ್ರಾಫಿಟಿ ಚಿತ್ರ, ಹೀಗೆ ನಾಲ್ಕು ಕಲೆಗಳು ಇದರೊಳಗೆ ಸೇರಿಕೊಂಡಿವೆ. ಅಂದಮೇಲೆ ಇದರ ಅಭಿಮಾನಿಗಳೂ ಒಂದೇ ಬಗೆಯವರಲ್ಲ. ಸಾಹಿತ್ಯದ ಪ್ರಾಸಕ್ಕೆ ಮನಸೋತವನಿಗೆ ನೃತ್ಯದ ಸ್ಪರ್ಧೆಗಳ ಸುದ್ದಿ ಬೇಡವಾಗಿರಬಹುದು. ಬೂಟು, ಜಾಕೆಟ್ಟುಗಳ ಮೇಲೆ ಕಣ್ಣಿಟ್ಟವನಿಗೆ ಹಳೆಯ ಧ್ವನಿಮುದ್ರಿಕೆಗಳ ಚರಿತ್ರೆ ರುಚಿಸದಿರಬಹುದು. ‘ಹಿಪ್‌ಹಾಪ್ ಪ್ರಿಯರೇ ನಮ್ಮ ಓದುಗರು’ ಎಂದುಬಿಟ್ಟರೆ ಏನನ್ನೂ ಹೇಳಿದಂತಾಗುವುದಿಲ್ಲ. ಯಾರು, ಎಷ್ಟು ವಯಸ್ಸಿನವರು, ಕೈಯಲ್ಲಿ ಎಷ್ಟು ಹಣ ಉಳ್ಳವರು, ಏನನ್ನು ಬಯಸಿ ಬರುವವರು ಎಂದು ಬಿಡಿಸಿ ನೋಡಬೇಕು.

ಗೆಳೆಯರನ್ನು ಕೇಳಿದರೆ ಸಾಕೆ?

ಓದುಗರ ಸಮೀಕ್ಷೆಗೆ ಸಾಮಾನ್ಯವಾಗಿ ಎರಡು ಹಂತ. ಮೊದಲನೆಯದು, ಈಗಾಗಲೇ ಮಾರುಕಟ್ಟೆಯಲ್ಲಿರುವ ಪತ್ರಿಕೆಗಳನ್ನು ಮುಂದಿಟ್ಟುಕೊಂಡು ಅವುಗಳ ಬೆಲೆ, ಭಾಷೆ, ಜಾಹೀರಾತುಗಳನ್ನು ಪರಿಶೀಲಿಸುವುದು. ಜಾಹೀರಾತು ನೋಡಿದರೇ ಅರ್ಧ ಉತ್ತರ ಸಿಗುತ್ತದೆ. ದುಬಾರಿ ಕೈಗಡಿಯಾರದ ಜಾಹೀರಾತು ಇರುವ ಪತ್ರಿಕೆಯ ಓದುಗನೇ ಬೇರೆ, ಅಗ್ಗದ ಸಿಹಿತಿಂಡಿಯ ಜಾಹೀರಾತು ಇರುವುದರ ಓದುಗನೇ ಬೇರೆ. ಎರಡನೆಯದು, ತಾವೇ ಪ್ರಶ್ನಾವಳಿ ಹಿಡಿದು ಜನರ ಬಳಿಗೆ ಹೋಗುವುದು.

ಎಡವುವುದು ಇಲ್ಲೇ. ವಿದ್ಯಾರ್ಥಿಯೊಬ್ಬ ತನ್ನ ತರಗತಿಯ 20 ಮಂದಿಯನ್ನು ಕೇಳಿದ ಎಂದಿಟ್ಟುಕೊಳ್ಳಿ. ಎಲ್ಲರೂ ಒಂದೇ ವಯಸ್ಸಿನವರು, ಒಂದೇ ಊರಿನವರು, ಮೇಲಾಗಿ ಅವನ ಗೆಳೆಯರು. ‘ನಾನು ಹಿಪ್‌ಹಾಪ್ ಪತ್ರಿಕೆ ತಂದರೆ ಓದುತ್ತೀರಾ?’ ಎಂದರೆ ‘ಇಲ್ಲ’ ಎನ್ನಲು ಯಾರಿಗೆ ಮನಸ್ಸು ಬಂದೀತು? 18 ಮಂದಿ ಹೌದೆಂದರು ಎಂದು ಅವನು ಹಿಗ್ಗುತ್ತಾನೆ. ಬಣ್ಣಬಣ್ಣದ ವೃತ್ತಚಿತ್ರ ಬರೆದು ಶೇಕಡಾ 90 ಎಂದು ನಮೂದಿಸುತ್ತಾನೆ. ಲೆಕ್ಕ ಸರಿಯೇ. ಆದರೆ ಅದು ಅಳೆದದ್ದು ಗೆಳೆತನವನ್ನು, ಪತ್ರಿಕೆಯ ಬೇಡಿಕೆಯನ್ನಲ್ಲ!

ಪ್ರಶ್ನೆ ಕೇಳುವುದೂ ಒಂದು ವಿದ್ಯೆ. ‘ಕೊಳ್ಳುತ್ತೀರಾ?’ ಎಂದು ಮುಂದಿನ ಮಾತು ಕೇಳುವುದಕ್ಕಿಂತ ‘ಕೊನೆಯ ಬಾರಿ ಪತ್ರಿಕೆ ಕೊಂಡದ್ದು ಯಾವಾಗ? ಯಾವುದು? ಎಷ್ಟು ಕೊಟ್ಟಿರಿ?’ ಎಂದು ನಡೆದದ್ದನ್ನು ಕೇಳುವುದು ಮೇಲು. ‘ನಮ್ಮ ಆಕರ್ಷಕ ಮುಖಪುಟ ಇಷ್ಟವಾಯಿತೇ?’ ಎಂಬ ಪ್ರಶ್ನೆಯೊಳಗೇ ಉತ್ತರ ಕುಳಿತಿದೆ. ಎರಡು ಮುಖಪುಟಗಳನ್ನು ಎದುರಿಗಿಟ್ಟು ‘ಯಾವುದನ್ನು ಕೈಗೆತ್ತಿಕೊಳ್ಳುತ್ತೀರಿ? ಏಕೆ?’ ಎಂದರೆ ನಿಜ ಹೊರಬರುತ್ತದೆ. ಗುರುತು ಹಾಕುವ ಪ್ರಶ್ನೆಗಳಿಂದ ಸಂಖ್ಯೆ ಸಿಗುತ್ತದೆ, ಬಾಯಿಬಿಟ್ಟು ಹೇಳಿಸುವ ಪ್ರಶ್ನೆಗಳಿಂದ ಕಾರಣ ಸಿಗುತ್ತದೆ. ಎರಡೂ ಬೇಕು. ಉತ್ತರಿಸಿದವರ ಹೆಸರು ಬರೆಸಿಕೊಳ್ಳದಿದ್ದರೆ ಅವರಿಗೆ ಸಂಕೋಚವೂ ಕಡಿಮೆ.

ಜನ ಪತ್ರಿಕೆಯನ್ನು ಏಕೆ ಓದುತ್ತಾರೆ ಎಂಬುದನ್ನು ವಿದ್ವಾಂಸರೂ ಅಧ್ಯಯನ ಮಾಡಿದ್ದಾರೆ. ಜೇ ಬ್ಲುಮ್ಲರ್ ಮತ್ತು ಎಲಿಹು ಕಾಟ್ಜ್ 1974ರಲ್ಲಿ ಸಂಪಾದಿಸಿದ ಗ್ರಂಥ ಈ ಚಿಂತನೆಯಲ್ಲಿ ಹೆಸರುವಾಸಿ. ಮಾಧ್ಯಮ ಜನರಿಗೆ ಏನು ಮಾಡುತ್ತದೆ ಎನ್ನುವುದರ ಬದಲು ಜನ ಮಾಧ್ಯಮದಿಂದ ಏನನ್ನು ಪಡೆಯುತ್ತಾರೆ ಎಂದು ಕೇಳುವುದು ಈ ವಾದದ ತಿರುಳು. ಪಠ್ಯಗಳಲ್ಲಿ ಸಾಮಾನ್ಯವಾಗಿ ಹೇಳುವ ಕಾರಣಗಳು ನಾಲ್ಕು: ಸುದ್ದಿ ತಿಳಿಯಲು, ಬೇಸರ ಕಳೆಯಲು, ನಾಲ್ಕು ಜನರೊಡನೆ ಮಾತಿಗೆ ವಸ್ತು ಸಿಗಲು, ‘ನಾನು ಇಂಥವನು’ ಎಂದು ಗುರುತಿಸಿಕೊಳ್ಳಲು. ಹದಿಹರೆಯದ ಓದುಗನಲ್ಲಿ ನಾಲ್ಕನೆಯದು ಎಷ್ಟು ಬಲವಾದದ್ದು ಎಂಬುದನ್ನು ಮನೆಯಲ್ಲಿ ಅಂಥ ಮಕ್ಕಳಿರುವವರಿಗೆ ಬೇರೆ ಹೇಳಬೇಕಿಲ್ಲ.

ಓದುಗರು ಮೊದಲು, ಪತ್ರಿಕೆ ಆಮೇಲೆ

ಹಿಪ್‌ಹಾಪ್ ಪತ್ರಿಕೆಗಳ ಚರಿತ್ರೆಯಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆಗಳಿವೆ. 1988ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಡೇವಿಡ್ ಮೇಸ್ ಅಲ್ಲಿನ ಬಾನುಲಿಯಲ್ಲಿ ಗೆಳೆಯನೊಡನೆ ರ‍್ಯಾಪ್ ಕಾರ್ಯಕ್ರಮ ನಡೆಸುತ್ತಿದ್ದ. ಆ ಕಾರ್ಯಕ್ರಮದ ಕೇಳುಗರಿಗಾಗಿ ಒಂದು ಹಾಳೆಯ ಸುದ್ದಿಪತ್ರ ಹೊರಡಿಸಿದ. ಅದೇ ಬೆಳೆದು ‘ದಿ ಸೋರ್ಸ್’ ಎಂಬ ಪ್ರಸಿದ್ಧ ಮಾಸಪತ್ರಿಕೆಯಾಯಿತು. ಅಂದರೆ ಮೊದಲು ಓದುಗರಿದ್ದರು, ಆಮೇಲೆ ಪತ್ರಿಕೆ ಹುಟ್ಟಿತು. ಓದುಗರಲ್ಲಿ ಅನೇಕರು ಸ್ವತಃ ಹಾಡುವ ಕನಸು ಕಂಡವರು. ಇನ್ನೂ ಯಾವ ಕಂಪೆನಿಯೂ ಗುರುತಿಸದ ಹೊಸಬರನ್ನು ಪರಿಚಯಿಸುವ ಅಂಕಣವೊಂದು ಅದರಲ್ಲಿತ್ತು. ಮುಂದೆ ಜಗತ್ಪ್ರಸಿದ್ಧನಾದ ನಟೋರಿಯಸ್ ಬಿಐಜಿ 1992ರಲ್ಲಿ ಆ ಅಂಕಣದಲ್ಲೇ ಕಾಣಿಸಿಕೊಂಡ.

ಸಂಗೀತಗಾರ ಕ್ವಿನ್ಸಿ ಜೋನ್ಸ್ ಸ್ಥಾಪಿಸಿದ ‘ವೈಬ್’ ಪತ್ರಿಕೆಯದು ಇನ್ನೊಂದು ಬಗೆ. ಬೆನ್ನಿಗೆ ದೊಡ್ಡ ಪ್ರಕಾಶನ ಸಂಸ್ಥೆಯ ಬಲವಿತ್ತು. ಆದರೂ ನೇರವಾಗಿ ಕಣಕ್ಕಿಳಿಯಲಿಲ್ಲ. 1992ರಲ್ಲಿ ಪರೀಕ್ಷಾರ್ಥ ಒಂದು ಸಂಚಿಕೆ ತಂದು, 1993ರಲ್ಲಷ್ಟೇ ನಿಯತವಾಗಿ ಪ್ರಕಟಣೆ ಆರಂಭಿಸಿತು. ಹಣವಂತರೇ ಹೀಗೆ ನೀರಿನ ಆಳ ನೋಡಿ ಇಳಿದಿರುವಾಗ ವಿದ್ಯಾರ್ಥಿಗಳು ಹತ್ತು ಪ್ರಶ್ನೆ ಕೇಳುವುದು ದೊಡ್ಡ ಮಾತಲ್ಲ.

ಹಾಗೆಂದು ಓದುಗರನ್ನು ಒಮ್ಮೆ ಅರಿತರೆ ಮುಗಿಯಿತೆಂದಲ್ಲ. ಬ್ರಿಟನ್ನಿನ ‘ಹಿಪ್‌ಹಾಪ್ ಕನೆಕ್ಷನ್’ 1988ರಲ್ಲಿ ಹುಟ್ಟಿ ಎರಡು ದಶಕ ನಡೆದು 2009ರಲ್ಲಿ ನಿಂತಿತು. 1952ರಿಂದ ಬರುತ್ತಿದ್ದ ಅಲ್ಲಿನ ಹೆಸರಾಂತ ಸಂಗೀತ ವಾರಪತ್ರಿಕೆ ‘ಎನ್‌ಎಂಇ’ 2015ರಲ್ಲಿ ಉಚಿತವಾಗಿ ಹಂಚಲು ತೊಡಗಿ, 2018ರಲ್ಲಿ ಮುದ್ರಿತ ವಾರಪತ್ರಿಕೆಯನ್ನು ನಿಲ್ಲಿಸಿತು. ಹಾಡು ಕೇಳುವವರು ಕಡಿಮೆಯಾಗಿರಲಿಲ್ಲ. ಅದರ ಸುದ್ದಿಗಾಗಿ ಹಣ ತೆತ್ತು ಕಾಗದ ಕೊಳ್ಳುವವರು ಕಡಿಮೆಯಾಗಿದ್ದರು. ಆ ವರ್ಷಗಳಲ್ಲಿ ಪುಟ ರೂಪಿಸುತ್ತಿದ್ದ ವಿದ್ಯಾರ್ಥಿಗಳು ಪ್ರಾಮಾಣಿಕವಾಗಿ ಸಮೀಕ್ಷೆ ಮಾಡಿದರೆ ಇದೇ ಉತ್ತರ ಎದುರಾಗುವ ಸಂಭವವಿತ್ತು.

ಬೇಡವಾದ ಉತ್ತರ ಬಂದಾಗ

ಆಗ ಏನು ಮಾಡಬೇಕು? ಹಾಳೆ ಹರಿದುಹಾಕಿ ಅನುಕೂಲವಾದ ಉತ್ತರ ತುಂಬಿಬಿಡಬೇಕೆ? ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವಂತೆ ತಾನು ಕಲ್ಪಿಸಿದ ಪತ್ರಿಕೆ ಎಲ್ಲರಿಗೂ ಚೆಂದವೆನಿಸುತ್ತದೆ. ಸಮೀಕ್ಷೆ ಇರುವುದೇ ಆ ಮೋಹವನ್ನು ಒರೆಗೆ ಹಚ್ಚಲು. ತಿಂಗಳಿಗೊಮ್ಮೆ ಕೊಳ್ಳುವುದು ಕಷ್ಟವೆಂದರೆ ಎರಡು ತಿಂಗಳಿಗೊಮ್ಮೆ ತರಬಹುದು. ಹೆಸರಾಂತ ಗಾಯಕರ ಸುದ್ದಿ ಬೇರೆಡೆ ಪುಕ್ಕಟೆ ಸಿಗುತ್ತದೆಂದರೆ ತಮ್ಮ ಊರಿನ ಹೊಸ ಹಾಡುಗಾರರ ಕಡೆ ತಿರುಗಬಹುದು. ಯೋಜನೆ ಬದಲಾಯಿಸಿದ ಒಂದು ಉತ್ತರಕ್ಕೆ, ಬೆನ್ನು ತಟ್ಟಿದ ಹತ್ತು ಉತ್ತರಗಳಿಗಿಂತ ಬೆಲೆ ಹೆಚ್ಚು. ಸ್ವವಿಮರ್ಶೆಗೆ ಬರೆಯಲು ವಿಷಯ ಸಿಗುವುದೂ ಅಂಥ ಉತ್ತರದಿಂದಲೇ.

ನಮ್ಮಲ್ಲಿಯೂ ಇದು ದೂರದ ಮಾತಲ್ಲ. ಚಂದನ್ ಶೆಟ್ಟಿ, ಆಲ್ ಓಕೆ ಮುಂತಾದವರಿಂದ ಕನ್ನಡದ ರ‍್ಯಾಪ್ ಹಳ್ಳಿಯ ಜಾತ್ರೆಗಳನ್ನೂ ಮುಟ್ಟಿದೆ. ಪತ್ರಿಕೋದ್ಯಮ ವಿಭಾಗಗಳು ವಿದ್ಯಾರ್ಥಿಗಳಿಂದ ಪ್ರಾಯೋಗಿಕ ಪತ್ರಿಕೆ ತರಿಸುತ್ತವೆ. ಎಷ್ಟೋ ಕಾಲೇಜುಗಳು ವರ್ಷಕ್ಕೊಂದು ಸಂಚಿಕೆ ಅಚ್ಚು ಹಾಕಿಸುತ್ತವೆ. ತನ್ನ ಕವನ, ತನ್ನ ಭಾವಚಿತ್ರ ಬಂದ ಪುಟ ನೋಡಿ ಸಂಚಿಕೆಯನ್ನು ಕಪಾಟಿಗೆ ಸೇರಿಸುವ ವಿದ್ಯಾರ್ಥಿಗಳೇನೂ ಕಡಿಮೆಯಿಲ್ಲ. ಅಚ್ಚಿಗೆ ಕೊಡುವ ಮೊದಲು, ಕಳೆದ ವರ್ಷದ ಸಂಚಿಕೆಯಲ್ಲಿ ಯಾವ ಪುಟ ಓದಿದಿರಿ, ಯಾವುದನ್ನು ಮಗುಚಿಬಿಟ್ಟಿರಿ ಎಂದು 50 ಮಂದಿಯನ್ನು ಕೇಳಿದರೆ ಸಂಪಾದಕ ಮಂಡಳಿಗೆ ಬೇರೆಯದೇ ದಾರಿ ಕಂಡೀತು.

ತಂದೆತಾಯಿಗಳಿಗೂ ಇದರಲ್ಲಿ ಪಾಲಿದೆ. ಹದಿನಾರರ ಓದುಗನ ಪತ್ರಿಕೆಗೆ ಹಣ ಬರುವುದು ಬಹುತೇಕ ಅಪ್ಪ ಅಮ್ಮನ ಕಿಸೆಯಿಂದ. ಓದುವವರು ಬೇರೆ, ಕೊಳ್ಳುವವರು ಬೇರೆ ಎಂಬುದು ವೃತ್ತಿಪರ ಪ್ರಕಾಶಕರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಸಂಗತಿ. ಆದ್ದರಿಂದ ಮಗಳೋ ಮಗನೋ ಹಾಡಿನ ಪತ್ರಿಕೆಯ ಪ್ರಶ್ನಾವಳಿ ಹಿಡಿದು ಬಂದರೆ ‘ಇದೂ ಒಂದು ಓದೇ?’ ಎಂದು ಗದರದಿರುವುದು ಒಳ್ಳೆಯದು. ಅವರ ಖುಷಿಗಾಗಿ ಎಲ್ಲಕ್ಕೂ ‘ಹೌದು’ ಎಂದು ಗುರುತು ಹಾಕಿ ಕಳಿಸುವುದೂ ಬೇಡ. ಇದಕ್ಕೆ ನಾನು ಹಣ ಕೊಡುವುದಿಲ್ಲ, ಕಾರಣ ಇಂಥದ್ದು ಎಂದು ನಾಲ್ಕು ಸಾಲು ಬರೆದುಕೊಟ್ಟರೆ ಮಕ್ಕಳ ಕೆಲಸಕ್ಕೆ ಅದೇ ಹೆಚ್ಚಿನ ನೆರವು.