ಅಗ್ಗದ ಮೈಕಿನೊಳಗೊಂದು ಧಾರಕದ ಪಾಠ

ಬಳಗಾನೂರಿನ ಅಭ್ಯಾಸ ಬೋಧನೆಗೆಂದು ಅಗ್ಗದ ಕಂಡೆನ್ಸರ್ ಮೈಕಿನಲ್ಲಿ ನಾನು ಧ್ವನಿಮುದ್ರಿಸಿದ ಪಾಠಗಳಲ್ಲಿ ‘ಸಾಲು’, ‘ಶಾಲು’ ಎರಡೂ ಕಿವಿಗೆ ಚುಚ್ಚುತ್ತಿದ್ದವು. ಮಕ್ಕಳಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಇಂಥ ಮೈಕಿನ ತೆಳುಪೊರೆ ಮತ್ತು ಅದರ ಹಿಂದಿನ ಲೋಹದ ತಟ್ಟೆ ಸೇರಿದರೆ ಒಂದು ಧಾರಕ. ಧ್ವನಿಗೆ ಪೊರೆ ಕಂಪಿಸಿದಾಗ ಅಂತರ ಬದಲಾಗುತ್ತದೆ. ಆವೇಶ ಸ್ಥಿರವಾಗಿರುವುದರಿಂದ ವಿಭವಾಂತರವೂ ಬದಲಾಗುತ್ತದೆ.

1960ರ ನಾಯ್‌ಮನ್ ಯು67 ಮೈಕಿನ ಪೊರೆಯ ಭಾಗವು ಹೆಚ್ಚು ಆವೃತ್ತಿಯ ಧ್ವನಿಗಳನ್ನು ಎತ್ತುತ್ತದೆ, ಮಂಡಲವು ಅವನ್ನು ತಗ್ಗಿಸುತ್ತದೆ. ಅನೇಕ ಅಗ್ಗದ ಮೈಕುಗಳು ಮೊದಲನೆಯದನ್ನು ಅನುಕರಿಸಿ, ಎರಡನೆಯದನ್ನು ಕೈಬಿಟ್ಟಿವೆ. ಮಂಡಲದ ಸರಿಯಾದ ಜಾಗದಲ್ಲಿ ಸೂಕ್ತ ಧಾರಕತೆಯ ಸಣ್ಣ ಧಾರಕವನ್ನು ಬೆಸೆದರೆ ಕರ್ಕಶತೆ ಇಳಿಯುತ್ತದೆ. 48 ವೋಲ್ಟ್ ಪೂರೈಕೆಯನ್ನು ಮೊದಲೇ ಕಡಿತಗೊಳಿಸಬೇಕು, ಪೊರೆಯನ್ನು ಮುಟ್ಟಬಾರದು.

ಬದಲಾವಣೆಗೆ ಮುನ್ನ ಮತ್ತು ನಂತರ ಅವೇ ಎರಡು ಪದಗಳನ್ನು ಮುದ್ರಿಸಿ ಕೇಳಿಸಿದರೆ, ಉಚ್ಚಾರಣೆ ಹಾಗೂ ಧಾರಕ ಎರಡನ್ನೂ ಒಂದೇ ತರಗತಿಯಲ್ಲಿ ಕಲಿಸಬಹುದು.